ಎಲ್ಲ ಕಲ್ಲೂ ಶಿಲಾಚಕ್ರ ಸುತ್ತಲೇಬೇಕಾ?

ಪ್ರಶ್ನೆ: ಮಗಳ ಪಾಠದ ಪುಸ್ತಕದಲ್ಲಿ ಶಿಲಾಚಕ್ರದ ಚಿತ್ರ ಇದೆ. ಅಗ್ನಿಶಿಲೆ ಸವೆದು ಕಣಶಿಲೆ, ಕಣಶಿಲೆ ಬೆಂದು ರೂಪಾಂತರ ಶಿಲೆ, ಅದು ಕರಗಿ ಮತ್ತೆ ಅಗ್ನಿಶಿಲೆ. ಎಲ್ಲ ಕಲ್ಲೂ ಹೀಗೆ ಸುತ್ತುತ್ತಲೇ ಇರುತ್ತದಾ? ಒಂದು ಸುತ್ತಿಗೆ ಎಷ್ಟು ವರ್ಷ ಬೇಕು? ಖನಿಜಕ್ಕೂ ಶಿಲೆಗೂ ಏನು ವ್ಯತ್ಯಾಸ ಅಂತಲೂ ಅವಳು ಕೇಳಿದಳು, ನನಗೆ ಸರಿಯಾಗಿ ಹೇಳಲಾಗಲಿಲ್ಲ. ಅವಳು ಆಯ್ದು ತಂದ ಒಂದು ಬಿಳಿ ಕಲ್ಲಿದೆ. ಅದು ಬೆಣಚುಕಲ್ಲೋ ಅಮೃತಶಿಲೆಯೋ ಮನೆಯಲ್ಲೇ ತಿಳಿಯಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಇಲ್ಲ, ಎಲ್ಲ ಕಲ್ಲೂ ಸುತ್ತುವುದಿಲ್ಲ. ಬದಲಾಗುವ ಕಲ್ಲುಗಳೂ ಪುಸ್ತಕದ ಬಾಣಗಳ ಹಿಂದೆ ಸಾಲಾಗಿ ಹೋಗುವುದಿಲ್ಲ. ಒಂದು ಸುತ್ತಿಗೆ ಇಷ್ಟು ವರ್ಷ ಎಂಬ ಲೆಕ್ಕವೂ ಇಲ್ಲ. ಒಂದು ಕಲ್ಲು ಹುಟ್ಟಿದ ಜಾಗದ ಬಿಸಿ, ಒತ್ತಡ, ನೀರು ಇವು ಬದಲಾದರೆ ಕಲ್ಲೂ ಬದಲಾಗಬಹುದು. ಬದಲಾಗದೇ ಇದ್ದರೆ ಕಲ್ಲು ಹಾಗೇ ಕೂತಿರುತ್ತದೆ, ನೂರಾರು ಕೋಟಿ ವರ್ಷವಾದರೂ ಸರಿ. ಶಿಲಾಚಕ್ರ ಅನ್ನುವುದರ ಒಳಗಿರುವ ವಿಷಯ ಇಷ್ಟೇ. ಆದರೆ ಇದು ಅರ್ಥವಾಗಬೇಕಾದರೆ ಖನಿಜದಿಂದ ಶುರು ಮಾಡಬೇಕು. ನಿಮ್ಮ ಮಗಳು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾಳೆ.

ಖನಿಜ ಎಂದರೆ ತಾನಾಗಿ ಭೂಮಿಯಲ್ಲಿ ಹುಟ್ಟಿದ ಗಟ್ಟಿ ವಸ್ತು. ಅದರಲ್ಲಿ ಯಾವ ಮೂಲವಸ್ತು ಎಷ್ಟಿರಬೇಕು ಎಂಬುದು ಹೆಚ್ಚುಕಡಿಮೆ ನಿಗದಿಯಾಗಿರುತ್ತದೆ. ಪರಮಾಣುಗಳು ಒಂದು ಕ್ರಮದಲ್ಲಿ ಜೋಡಿಸಿಕೊಂಡು ಹರಳಾಗಿರುತ್ತವೆ. ಈ ಹರಳಿನ ಜೋಡಣೆಯೇ ಮುಖ್ಯ. ವಜ್ರವೂ ಪೆನ್ಸಿಲ್ಲಿನೊಳಗಿನ ಗ್ರಾಫೈಟೂ ಬರೀ ಇಂಗಾಲ. ಒಂದು ನಮಗೆ ಗೊತ್ತಿರುವ ಅತಿ ಗಟ್ಟಿ ಖನಿಜ, ಇನ್ನೊಂದು ಕಾಗದದ ಮೇಲೆ ಸವೆಯುವಷ್ಟು ಮೆತ್ತಗೆ. ಬೇರೆಯಾಗಿರುವುದು ಜೋಡಣೆ ಮಾತ್ರ.

ಶಿಲೆ ಎಂದರೆ ಸಾಮಾನ್ಯವಾಗಿ ಇಂಥ ಖನಿಜಗಳು ಸೇರಿ ಆದ ಕಲ್ಲು. ಗ್ರಾನೈಟಿನ ತುಂಡೊಂದನ್ನು ಹತ್ತಿರದಿಂದ ನೋಡಿ. ಗಾಜಿನ ಹಾಗೆ ಬೂದಿ ಬಣ್ಣದ್ದು ಬೆಣಚು, ಬಿಳಿ ಅಥವಾ ಗುಲಾಬಿ ಬಣ್ಣದ್ದು ಫೆಲ್ಡ್‌ಸ್ಪಾರ್, ಮಿರಮಿರ ಮಿಂಚುವುದು ಕಾಗೆಬಂಗಾರ. ಮೂರು ಬೇರೆ ಬೇರೆ ಖನಿಜ, ಕಲ್ಲು ಒಂದೇ. ಒಂದೇ ಖನಿಜದಿಂದ ಆದ ಶಿಲೆಯೂ ಉಂಟು. ಅಪ್ಪಟ ಸುಣ್ಣದಕಲ್ಲಿನಲ್ಲಿ ಇರುವುದು ಬರೀ ಕ್ಯಾಲ್ಸೈಟ್. ಖನಿಜವೇ ಇಲ್ಲದ ಶಿಲೆಯೂ ಉಂಟು. ಲಾವಾ ಬೇಗ ತಣ್ಣಗಾಗಿ ಗಾಜಿನಂತಾದ ಆಬ್ಸಿಡಿಯನ್‌ನಲ್ಲಿ ಹರಳಿನ ಜೋಡಣೆ ಇಲ್ಲ, ಹಾಗಾಗಿ ಅದು ಶಿಲೆ, ಖನಿಜ ಅಲ್ಲ. ಕಲ್ಲಿದ್ದಲು ಗಿಡಮರಗಳಿಂದ ಬಂದದ್ದು, ಅದೂ ಶಿಲೆಯೇ. ತಮಾಷೆ ಏನೆಂದರೆ, ತಾನಾಗಿ ಹುಟ್ಟಿದ ಮಂಜುಗಡ್ಡೆ ಖನಿಜದ ಪಟ್ಟಿಯಲ್ಲಿದೆ, ನೀರು ಇಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಎಲ್ಲ ರೀತಿಯಲ್ಲೂ ವಜ್ರವೇ, ಆದರೂ ನಿಯಮದ ಪ್ರಕಾರ ಖನಿಜ ಅಲ್ಲ.

ಇಲ್ಲಿಯವರೆಗೆ ಗುರುತಿಸಿರುವ ಖನಿಜಗಳು ಸುಮಾರು 6,000. ಹೆದರಬೇಡಿ. ಭೂಮಿಯ ಹೊರಚಿಪ್ಪಿನ ತೂಕದಲ್ಲಿ ಶೇ. 46ರಷ್ಟು ಆಮ್ಲಜನಕ, ಶೇ. 28ರಷ್ಟು ಸಿಲಿಕಾನ್. ಹಾಗಾಗಿ ಈ ಎರಡು ಸೇರಿ ಆದ ಸಿಲಿಕೇಟ್ ಖನಿಜಗಳದ್ದೇ ದರ್ಬಾರು. ಹೊರಚಿಪ್ಪಿನ ಅರ್ಧಕ್ಕಿಂತ ಜಾಸ್ತಿ ಬರೀ ಫೆಲ್ಡ್‌ಸ್ಪಾರ್. ಹತ್ತು ಹನ್ನೆರಡು ಖನಿಜ ಗುರುತಿಸಲು ಬಂದರೆ ದಾರಿಯಲ್ಲಿ ಸಿಗುವ ಬಹುಪಾಲು ಕಲ್ಲುಗಳ ಬಗ್ಗೆ ಏನಾದರೂ ಹೇಳಬಹುದು.

ಈಗ ನಿಮ್ಮ ಬಿಳಿ ಕಲ್ಲು. ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಖನಿಜಗಳ ವಿಷಯದಲ್ಲಿ ಬಣ್ಣದಷ್ಟು ಮೋಸ ಮಾಡುವುದು ಇನ್ನೊಂದಿಲ್ಲ. ಬೆಣಚೇ ಬಿಳಿ, ನೇರಳೆ, ಗುಲಾಬಿ, ಹೊಗೆ ಬಣ್ಣ ಎಲ್ಲದರಲ್ಲೂ ಸಿಗುತ್ತದೆ. ಕುರಂದ ಎಂಬ ಖನಿಜದಲ್ಲಿ ಚೂರು ಕ್ರೋಮಿಯಂ ಸೇರಿದರೆ ಕೆಂಪು ಮಾಣಿಕ್ಯ, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲಮಣಿ. ಅದರ ಬದಲು ಗಡಸುತನ ನೋಡಿ. 1812ರಲ್ಲಿ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ ಒಂದರಿಂದ ಹತ್ತರವರೆಗೆ ಒಂದು ಅಳತೆ ಮಾಡಿಟ್ಟ. ಯಾವುದು ಯಾವುದನ್ನು ಗೀಚುತ್ತದೆ ಎಂಬುದಷ್ಟೇ ಅದರ ಲೆಕ್ಕ. ಬಳಪದ ಕಲ್ಲಿನಲ್ಲಿರುವ ಟಾಲ್ಕ್ 1, ಕ್ಯಾಲ್ಸೈಟ್ 3, ಬೆಣಚು 7, ವಜ್ರ 10. ನಮ್ಮ ಉಗುರು ಸುಮಾರು ಎರಡೂವರೆ, ಮಾಮೂಲಿ ಗಾಜು ಐದೂವರೆ.

ಬೇಡದ ಗಾಜಿನ ತುಂಡೊಂದನ್ನು ಮೇಜಿನ ಮೇಲೆ ಇಡಿ. ಕೈಯಲ್ಲಿ ಹಿಡಿದುಕೊಳ್ಳಬೇಡಿ, ಮುರಿದರೆ ಕೈ ಕುಯ್ಯುತ್ತದೆ. ಕಲ್ಲಿನ ಚೂಪು ಅಂಚಿನಿಂದ ಒತ್ತಿ ಗೀಚಿ. ಆಮೇಲೆ ಗೀಚಿದ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಈ ಒರೆಸುವ ಕೆಲಸವನ್ನು ತುಂಬಾ ಜನ ಬಿಡುತ್ತಾರೆ. ಗೆರೆ ಅಳಿಸಿಹೋದರೆ ಅದು ಗಾಜಿನ ಮೇಲೆ ಉದುರಿದ ಕಲ್ಲಿನ ಪುಡಿ, ಅಂದರೆ ಕಲ್ಲೇ ಮೆತ್ತಗಿದೆ. ಗೆರೆ ಉಳಿದು ಉಗುರಿಗೆ ತಾಗಿದರೆ ಕಲ್ಲು ಗಾಜಿಗಿಂತ ಗಟ್ಟಿ. ಕ್ಯಾಲ್ಸೈಟ್‌ನಿಂದಾದ ಅಮೃತಶಿಲೆ ಗಾಜನ್ನು ಗೀಚಲಾರದು, ಬೆಣಚು ಸಲೀಸಾಗಿ ಗೀಚುತ್ತದೆ. ಇನ್ನೂ ಅನುಮಾನ ಇದ್ದರೆ ಕಲ್ಲಿನ ಒಂದು ಮೂಲೆಯನ್ನು ಕೆರೆದು ಪುಡಿ ಮಾಡಿ ಅದರ ಮೇಲೆ ವಿನೆಗರ್ ಹಾಕಿ. ಅಮೃತಶಿಲೆಯಾದರೆ ಸಣ್ಣ ಗುಳ್ಳೆ ಬರುತ್ತವೆ, ಕ್ಯಾಲ್ಸೈಟ್‌ನಿಂದ ಇಂಗಾಲದ ಡೈಆಕ್ಸೈಡ್ ಹೊರಬರುವುದು ಅದು. ಬೆಣಚಿಗೆ ವಿನೆಗರ್‌ನಿಂದ ಏನೂ ಆಗುವುದಿಲ್ಲ.

ಗಾಜು ಗೀಚಿದ ಮಾತ್ರಕ್ಕೆ ಬೆಣಚೇ ಎಂದು ಹೇಳಲಾಗದು, ಬಿಳಿ ಫೆಲ್ಡ್‌ಸ್ಪಾರ್ ಕೂಡ ಗಾಜನ್ನು ಗೀಚುತ್ತದೆ. ಆಗ ಒಡೆದ ಮುಖ ನೋಡಿ. ಫೆಲ್ಡ್‌ಸ್ಪಾರ್ ಚಪ್ಪಟೆ ಮುಖಗಳಾಗಿ ಒಡೆಯುತ್ತದೆ, ಬೆಳಕಿನಲ್ಲಿ ತಿರುಗಿಸಿದರೆ ಆ ಮುಖ ಒಮ್ಮೆಗೇ ಫಳಕ್ಕನೆ ಹೊಳೆಯುತ್ತದೆ. ಬೆಣಚಿಗೆ ಹಾಗೆ ಒಡೆಯುವ ದಿಕ್ಕೇ ಇಲ್ಲ, ಒಡೆದ ಗಾಜಿನ ಹಾಗೆ ಬಾಗಿದ ಮುಖ ಬರುತ್ತದೆ.

ಇನ್ನು ಮೂರು ಜಾತಿಯ ಶಿಲೆಗಳು. ಇವನ್ನು ವಿಂಗಡಿಸಿರುವುದು ಕಲ್ಲಿನಲ್ಲಿ ಏನಿದೆ ಎಂದು ನೋಡಿ ಅಲ್ಲ, ಅದು ಹೇಗೆ ಆಯಿತು ಎಂದು ನೋಡಿ. ಬೆಣಚು ಮೂರರಲ್ಲೂ ಇರಬಹುದು. ಕರಗಿದ್ದು ಗಟ್ಟಿಯಾದರೆ ಅಗ್ನಿಶಿಲೆ. ಸವೆದ ಚೂರು, ಚಿಪ್ಪು, ನೀರಿನಿಂದ ಬೇರ್ಪಟ್ಟ ಲವಣ ಇವು ಪದರಪದರವಾಗಿ ಕೂತು ಗಟ್ಟಿಯಾದರೆ ಕಣಶಿಲೆ. ಇದ್ದ ಶಿಲೆ ಕರಗದೆಯೇ ಬಿಸಿಗೆ, ಒತ್ತಡಕ್ಕೆ ಬದಲಾದರೆ ರೂಪಾಂತರ ಶಿಲೆ. ನೆಲದ ಮೇಲೆ ಕಾಣುವುದರಲ್ಲಿ ಮುಕ್ಕಾಲು ಪಾಲು ಕಣಶಿಲೆ. ಆದರೆ ಅದು ಮೇಲಿನ ತೆಳು ಹೊದಿಕೆ ಅಷ್ಟೇ, ಇಡೀ ಹೊರಚಿಪ್ಪಿನಲ್ಲಿ ಅದರ ಪಾಲು ಶೇ. 10ಕ್ಕಿಂತ ಕಡಿಮೆ.

ಅಗ್ನಿಶಿಲೆಯಲ್ಲಿ ಮೊದಲು ನೋಡಬೇಕಾದದ್ದು ಹರಳಿನ ಗಾತ್ರ. ಆಳದಲ್ಲಿ ನಿಧಾನವಾಗಿ ತಣ್ಣಗಾದರೆ ಹರಳು ಬೆಳೆಯಲು ಪುರುಸೊತ್ತು ಸಿಗುತ್ತದೆ. ಮೇಲೆ ಉಕ್ಕಿ ಬೇಗ ತಣ್ಣಗಾದರೆ ಹರಳು ಕಣ್ಣಿಗೆ ಕಾಣದಷ್ಟು ಚಿಕ್ಕದು. ಗ್ರಾನೈಟ್ ಮತ್ತು ರಯೋಲೈಟ್ ಎರಡರ ಒಳವಸ್ತು ಒಂದೇ, ಮೊದಲನೆಯದು ಆಳದ್ದು, ಎರಡನೆಯದು ಮೇಲಿನದು. ಗ್ಯಾಬ್ರೊ ಮತ್ತು ಬಸಾಲ್ಟ್ ಕೂಡ ಇಂಥದ್ದೇ ಜೋಡಿ. ನೆಲದ ಮೇಲೆ ಗ್ರಾನೈಟ್ ಕಂಡರೆ ಒಂದು ಕಾಲಕ್ಕೆ ಅದರ ಮೇಲೆ ಕಿಲೋಮೀಟರುಗಟ್ಟಲೆ ಕಲ್ಲಿತ್ತು, ಅದೆಲ್ಲ ಸವೆದುಹೋಗಿದೆ ಎಂದೇ ಅರ್ಥ.

ಇಲ್ಲೊಂದು ತಪ್ಪು ತಿಳಿವಳಿಕೆ ಬಿಡಿಸಿಬಿಡಬೇಕು. ಹೊರಚಿಪ್ಪಿನ ಕೆಳಗೆ ಎಲ್ಲೆಡೆ ಲಾವಾ ಕುದಿಯುತ್ತಿದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಕೆಳಗಿನ ಮ್ಯಾಂಟಲ್ ಪದರ ಹೆಚ್ಚುಕಡಿಮೆ ಪೂರ್ತಿ ಗಟ್ಟಿ. ಗಟ್ಟಿ ವಸ್ತುವಿನಲ್ಲಿ ಮಾತ್ರ ಸಾಗಬಲ್ಲ ಒಂದು ಬಗೆಯ ಭೂಕಂಪದ ಅಲೆ ಅದರೊಳಗೆ ಸಾಗುತ್ತದೆ, ಅದರಿಂದಲೇ ಇದು ಗೊತ್ತಾಗಿದ್ದು. ಬಿಸಿ ಬೇಕಾದಷ್ಟಿದೆ. ಆದರೆ ಮೇಲಿನ ಕಲ್ಲಿನ ಭಾರ ಅದನ್ನು ಕರಗಲು ಬಿಡುವುದಿಲ್ಲ. ಹಾಗಾದರೆ ಮ್ಯಾಗ್ಮಾ, ಅಂದರೆ ನೆಲದೊಳಗಿನ ಕರಗಿದ ಕಲ್ಲು, ಎಲ್ಲಿಂದ ಬರುತ್ತದೆ? ಎರಡು ಮುಖ್ಯ ದಾರಿಗಳಿವೆ. ಒಂದು, ಬಿಸಿ ಕಲ್ಲು ಮೇಲೇರಿದಾಗ ಒತ್ತಡ ಇಳಿಯುತ್ತದೆ. ಬಿಸಿ ಹೆಚ್ಚದಿದ್ದರೂ ಸ್ವಲ್ಪ ಭಾಗ ಕರಗುತ್ತದೆ. ಸಾಗರದ ನಡುವಿನ ಬೆಟ್ಟಸಾಲುಗಳಲ್ಲಿ ಹೊಸ ಬಸಾಲ್ಟ್ ಹುಟ್ಟುವುದು ಹೀಗೆ. ಎರಡು, ನೀರು. ಭೂಮಿಯ ಹೊರಭಾಗ ನಿಧಾನವಾಗಿ ಚಲಿಸುವ ದೊಡ್ಡ ದೊಡ್ಡ ಫಲಕಗಳಾಗಿದೆ. ಸಾಗರದ ತಳ ಇನ್ನೊಂದು ಫಲಕದ ಅಡಿಗೆ ಜಾರುವಾಗ ತನ್ನ ಖನಿಜಗಳಲ್ಲಿ ನೀರನ್ನೂ ಒಯ್ಯುತ್ತದೆ. ಆಳದಲ್ಲಿ ಆ ನೀರು ಬಿಟ್ಟುಕೊಂಡು ಮೇಲಿನ ಬಿಸಿ ಕಲ್ಲಿಗೆ ಸೇರಿದರೆ ಅದು ಕರಗುವ ಬಿಸಿಯ ಮಟ್ಟವೇ ಇಳಿದುಬಿಡುತ್ತದೆ. ಪೆಸಿಫಿಕ್ ಸಾಗರದ ಅಂಚಿನ ಜ್ವಾಲಾಮುಖಿಗಳ ಸಾಲಿಗೆ ಇದೇ ಕಾರಣ. ಇನ್ನು, ಕೆಳಗಿನಿಂದ ಬಂದ ಮ್ಯಾಗ್ಮಾ ತಾಗಿ ಪಕ್ಕದ ಕಲ್ಲು ಬಿಸಿಯಾಗಿ ಕರಗುವುದೂ ಉಂಟು. ಪುಸ್ತಕದ ಚಿತ್ರದಲ್ಲಿ ಸುಮ್ನೆ ‘ಕರಗುವಿಕೆ’ ಎಂದು ಬರೆದ ಒಂದು ಬಾಣದ ಹಿಂದೆ ಇಷ್ಟು ಕಥೆ ಇದೆ.

ಮ್ಯಾಗ್ಮಾ ತಣ್ಣಗಾಗುವಾಗ ಎಲ್ಲ ಖನಿಜಗಳೂ ಒಟ್ಟಿಗೆ ಹರಳಾಗುವುದಿಲ್ಲ. ಭೂವಿಜ್ಞಾನಿ ನಾರ್ಮನ್ ಬೋವೆನ್ ಇದನ್ನು ಪ್ರಯೋಗ ಮಾಡಿ ತೋರಿಸಿದ. ಹೆಚ್ಚು ಬಿಸಿಯಲ್ಲೇ ಆಲಿವೀನ್ ಎಂಬ ಹಸಿರು ಖನಿಜ ಹರಳಾಗುತ್ತದೆ, ಕೊನೆಕೊನೆಗೆ ಬೆಣಚು. 1938ರಲ್ಲಿ ಇನ್ನೊಬ್ಬ ಭೂವಿಜ್ಞಾನಿ ಸ್ಯಾಮ್ಯುಯೆಲ್ ಗೋಲ್ಡಿಚ್ ಸವೆತದ ಸರದಿ ನೋಡಿದಾಗ ಕಂಡದ್ದೂ ಅದೇ ಸಾಲು. ಮೊದಲು ಹರಳಾದದ್ದೇ ಮೇಲೆ ಬಂದಾಗ ಮೊದಲು ಹಾಳಾಗುತ್ತದೆ, ಕೊನೆಗೆ ಹರಳಾದ ಬೆಣಚು ಕೊನೆಯವರೆಗೂ ಉಳಿಯುತ್ತದೆ. ಯಾಕೆ? ಸಾವಿರ ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ, ನೀರು ಹೆಚ್ಚಿಲ್ಲದ ಕಡೆ ಹುಟ್ಟಿದ ಆಲಿವೀನ್‌ಗೆ ಮಳೆ, ಗಾಳಿ ಎಲ್ಲ ಹೊಸತು, ಅದು ಬೇಗ ಕೊಳೆಯುತ್ತದೆ. ಕಡಿಮೆ ಬಿಸಿಯಲ್ಲಿ ಹುಟ್ಟಿದ ಬೆಣಚಿಗೆ ಮೇಲಿನ ಹವೆ ಅಷ್ಟು ಪರಕೀಯವಲ್ಲ. ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಮಣ್ಣಾಗುತ್ತದೆ.

ನನ್ನ ಮಟ್ಟಿಗೆ ಇಡೀ ಶಿಲಾಚಕ್ರದಲ್ಲಿ ಎಲ್ಲಕ್ಕಿಂತ ಚೆಂದದ ವಿಷಯ ಇದು. ಗ್ರಾನೈಟ್ ಬಂಡೆ ಸವೆದು ಹೊಳೆ ಸೇರಿದ ಮೇಲೆ ಮರಳು ಯಾಕೆ ಬಹುಪಾಲು ಬೆಣಚೇ ಆಗಿರುತ್ತದೆ, ಕೆಸರು ಯಾಕೆ ಜೇಡಿ ಎಂಬುದಕ್ಕೆಲ್ಲ ಇಲ್ಲೇ ಉತ್ತರ ಇದೆ. ಹವಾಯಿಯ ಪಾಪಕೋಲೆಯಾದಲ್ಲಿ ಹಸಿರು ಮರಳಿನ ಕಡಲತೀರ ಇದೆ. ಅದು ಆಲಿವೀನ್ ಮರಳು. ಪಕ್ಕದ ಜ್ವಾಲಾಮುಖಿ ಗುಡ್ಡ ಕುಸಿಯುತ್ತ ಹೊಸ ಆಲಿವೀನ್ ಬೀಳುತ್ತಲೇ ಇರುವುದರಿಂದ ಅದು ಉಳಿದಿದೆ. ದೂರದ ಹೊಳೆಯಲ್ಲಿ ಉರುಳಿಕೊಂಡು ಬರಬೇಕಾಗಿದ್ದರೆ ದಾರಿಯಲ್ಲೇ ಮುಗಿಯುತ್ತಿತ್ತು.

ರೂಪಾಂತರವೂ ಇದೇ ನಿಯಮದ ಇನ್ನೊಂದು ಮುಖ. ಆಳಕ್ಕೆ ಹೋದಂತೆ ಪ್ರತಿ ಕಿಲೋಮೀಟರಿಗೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಮೇಲೆ ಹುಟ್ಟಿದ ಜೇಡಿ ಖನಿಜಗಳಿಗೆ ಅಲ್ಲಿ ಬಾಳಿಕೆ ಇಲ್ಲ. ಹಸಿ ಇಟ್ಟಿಗೆ ಗೂಡಿನಲ್ಲಿ ಬೆಂದಾಗ ಕರಗುವುದಿಲ್ಲ, ಆಕಾರ ಹಾಗೇ ಇರುತ್ತದೆ, ಆದರೆ ಒಳಗಿನ ಜೇಡಿ ಜೇಡಿಯಾಗಿ ಉಳಿದಿರುವುದಿಲ್ಲ ಅಲ್ವಾ? ಹಾಗೇ ಇದು. ಜೇಡಿಯಿಂದ ಆದ ಶೇಲ್ ಮೊದಲು ಸ್ಲೇಟ್ ಆಗುತ್ತದೆ. ಬಿಸಿ, ಒತ್ತಡ ಇನ್ನೂ ಏರಿದರೆ ಕಾಗೆಬಂಗಾರ ಮಿನುಗುವ ಶಿಸ್ಟ್. ಇನ್ನೂ ಮುಂದೆ ಕಪ್ಪುಬಿಳಿ ಪಟ್ಟೆಯ ನೈಸ್. ಸುಣ್ಣದಕಲ್ಲು ಅಮೃತಶಿಲೆಯಾಗುತ್ತದೆ, ಮರಳುಗಲ್ಲು ಕ್ವಾರ್ಟ್ಸೈಟ್ ಆಗುತ್ತದೆ. ಇವೆರಡರಲ್ಲಿ ಖನಿಜ ಬದಲಾಗುವುದಕ್ಕಿಂತ ಹರಳುಗಳು ದೊಡ್ಡವಾಗಿ ಒಂದಕ್ಕೊಂದು ಕಚ್ಚಿಕೊಳ್ಳುವುದೇ ಜಾಸ್ತಿ.

ಕಯನೈಟ್, ಆಂಡಲುಸೈಟ್, ಸಿಲಿಮನೈಟ್ ಎಂಬ ಮೂರು ಖನಿಜಗಳಿವೆ. ಮೂರರಲ್ಲೂ ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ ಒಂದೇ ಪ್ರಮಾಣದಲ್ಲಿ ಇವೆ. ಒತ್ತಡ ಹೆಚ್ಚಿದ್ದಲ್ಲಿ ಕಯನೈಟ್, ಬಿಸಿ ಹೆಚ್ಚಿದ್ದಲ್ಲಿ ಸಿಲಿಮನೈಟ್, ಒತ್ತಡ ಕಡಿಮೆ ಇದ್ದಲ್ಲಿ ಆಂಡಲುಸೈಟ್. ಕಲ್ಲಿನಲ್ಲಿ ಯಾವುದು ಸಿಕ್ಕಿತು ಎಂದು ನೋಡಿ ಅದು ಎಂಥ ಆಳ, ಎಂಥ ಬಿಸಿ ಕಂಡಿದೆ ಎಂದು ಭೂವಿಜ್ಞಾನಿಗಳು ಅಂದಾಜು ಮಾಡುತ್ತಾರೆ.

ಇಲ್ಲಿ ಚುರುಕು ಮಕ್ಕಳು ಕೇಳುವ ಪ್ರಶ್ನೆ ಒಂದಿದೆ. ಕೆಳಗೆ ಹೋಗಿ ಬದಲಾದ ಕಲ್ಲು ಮೇಲೆ ಬಂದಾಗ ಮತ್ತೆ ಶೇಲ್ ಯಾಕೆ ಆಗುವುದಿಲ್ಲ? ಎರಡು ಕಾರಣ. ಬೇಯುವಾಗ ಖನಿಜಗಳ ಒಳಗಿದ್ದ ನೀರು ಬಿಟ್ಟುಹೋಗಿರುತ್ತದೆ. ಹಿಂದಿರುಗಲು ಆ ನೀರು ಬೇಕು, ಅದು ಎಲ್ಲಿದೆ? ಎರಡನೆಯದಾಗಿ, ಕಲ್ಲು ತಣ್ಣಗಾದಂತೆ ಪರಮಾಣುಗಳು ಜಾಗ ಬದಲಿಸುವುದೇ ನಿಂತುಹೋಗುತ್ತದೆ. ವಜ್ರದ ಕಥೆಯೂ ಇದೇ. ಬಹುಪಾಲು ವಜ್ರಗಳು ಸುಮಾರು 150 ಕಿಲೋಮೀಟರ್ ಅಥವಾ ಅದಕ್ಕೂ ಆಳದಲ್ಲಿ ಹುಟ್ಟಿದವು. ನಮ್ಮ ನೆಲದ ಮೇಲೆ ಇಂಗಾಲಕ್ಕೆ ಒಗ್ಗುವ ರೂಪ ಗ್ರಾಫೈಟ್, ವಜ್ರ ಅಲ್ಲ. ಆದರೂ ಈ ತಂಪಿನಲ್ಲಿ ವಜ್ರ ಬದಲಾಗಲಾರದು, ಉಂಗುರದಲ್ಲಿ ಹಾಗೇ ಇರುತ್ತದೆ.

ಈಗ ನಿಮ್ಮ ಚಿತ್ರದ ಬಾಣಗಳು. ಪರೀಕ್ಷೆಗೆ ಮಗಳು ಪುಸ್ತಕದಲ್ಲಿ ಇರುವಂತೆಯೇ ಬರೆಯಲಿ, ಅಂಕ ಬೇಕಲ್ಲ. ತಿಳಿವಳಿಕೆಗೆ ಮಾತ್ರ ಅದರ ಮೇಲೆ ಇನ್ನಷ್ಟು ಬಾಣ ಎಳೆಯಲಿ. ಅಗ್ನಿಶಿಲೆ ಸವೆಯದೆಯೇ ಆಳಕ್ಕೆ ಹೋಗಿ ರೂಪಾಂತರವಾಗಬಹುದು. ರೂಪಾಂತರ ಶಿಲೆ ಕರಗದೆ ಮೇಲೆ ಬಂದು ಸವೆದು ಮರಳಾಗಬಹುದು. ರೂಪಾಂತರ ಶಿಲೆ ಇನ್ನೊಮ್ಮೆ ರೂಪಾಂತರ ಆಗಬಹುದು. ಕಣಶಿಲೆ ಸವೆದು ಮತ್ತೆ ಕಣಶಿಲೆಯೇ ಆಗಬಹುದು.

ಕೊನೆಯ ಮಾತಿಗೆ ಒಳ್ಳೆಯ ಸಾಕ್ಷಿ ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್ ಎಂಬ ಕಡಲ ಅಂಚಿನಲ್ಲಿದೆ. 1788ರಲ್ಲಿ ಸ್ಕಾಟ್ಲೆಂಡಿನ ಭೂವಿಜ್ಞಾನಿ ಜೇಮ್ಸ್ ಹಟನ್ ದೋಣಿಯಲ್ಲಿ ಹೋಗಿ ನೋಡಿದ ಜಾಗ. ಕೆಳಗೆ ಬೂದಿ ಬಣ್ಣದ ಕಣಶಿಲೆಯ ಪದರಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ. ಅವುಗಳ ತಲೆ ಕತ್ತರಿಸಿದಂತಿದೆ. ಅದರ ಮೇಲೆ ಕೆಂಪು ಮರಳುಗಲ್ಲಿನ ಪದರಗಳು ಸ್ವಲ್ಪವೇ ವಾಲಿಕೊಂಡು ಮಲಗಿವೆ. ಪದರಗಳು ನೆಟ್ಟಗೆ ನಿಂತ ಹಾಗೆ ಕೂರುವುದಿಲ್ಲ. ಹಾಗಾಗಿ ಮೊದಲು ಕಡಲ ತಳದಲ್ಲಿ ಮರಳು, ಕೆಸರು ಕೂತು ಕಲ್ಲಾಗಿರಬೇಕು. ಅದು ಮಡಚಿ, ಮೇಲೆದ್ದು, ಸವೆದಿರಬೇಕು. ಆಮೇಲೆ ಅದರ ಮೇಲೆ ಹೊಸ ಮರಳು ಬಿದ್ದು ಅದೂ ಕಲ್ಲಾಗಿರಬೇಕು. ಇಷ್ಟಕ್ಕೆಲ್ಲ ಕೆಲವು ಸಾವಿರ ವರ್ಷ ಎಲ್ಲಿ ಸಾಕು? ಕೆಳಗಿನ ಕಲ್ಲಿಗೆ ಸುಮಾರು 43.5 ಕೋಟಿ, ಮೇಲಿನದಕ್ಕೆ ಸುಮಾರು 37 ಕೋಟಿ ವರ್ಷ ಎಂದು ಈಗ ಗೊತ್ತಾಗಿದೆ. ಎರಡರ ನಡುವಿನ ಆ ಒಂದು ಗೆರೆಯಲ್ಲಿ ಆರೂವರೆ ಕೋಟಿ ವರ್ಷ ಕಾಣೆಯಾಗಿದೆ.

ಎಷ್ಟು ವರ್ಷ ಬೇಕು ಎಂಬುದು ಯಾವ ಹಂತ ಎಂಬುದರ ಮೇಲೆ ನಿಂತಿದೆ. ಹರಿಯುವ ಲಾವಾದ ಮೇಲೆ ಗಟ್ಟಿ ಪೊರೆ ಕಟ್ಟಲು ನಿಮಿಷಗಳು ಸಾಕು. 1959ರಲ್ಲಿ ಹವಾಯಿಯ ಕಿಲವೇಯಾ ಇಕಿ ಕುಳಿಯಲ್ಲಿ ನೂರು ಮೀಟರಿಗಿಂತ ಆಳದ ಲಾವಾ ಕೆರೆ ನಿಂತಿತು, ಅದು ಪೂರ್ತಿ ಗಟ್ಟಿಯಾಗಲು ಸುಮಾರು 35 ವರ್ಷ ಹಿಡಿಯಿತು. ಆಳದಲ್ಲಿ ಕಿಲೋಮೀಟರುಗಟ್ಟಲೆ ಹರಡಿದ ಗ್ರಾನೈಟ್ ಮ್ಯಾಗ್ಮಾಕ್ಕೆ ಲಕ್ಷಗಟ್ಟಲೆ ವರ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಸಡಿಲ ಪುಡಿ ಕಲ್ಲಾಗಲು ಯಾವಾಗಲೂ ಯುಗಗಳೇ ಬೇಕೆಂದಿಲ್ಲ. 1963ರಲ್ಲಿ ಐಸ್‌ಲ್ಯಾಂಡ್ ಹತ್ತಿರ ಕಡಲಿನಿಂದ ಸರ್ಟ್‌ಸೀ ಎಂಬ ದ್ವೀಪ ಎದ್ದಿತು. ಅಲ್ಲಿನ ಜ್ವಾಲಾಮುಖಿ ಬೂದಿ ಒಳಗಿನ ಬಿಸಿನೀರಿನಿಂದಾಗಿ ಕೆಲವೇ ವರ್ಷಗಳಲ್ಲಿ ಗಟ್ಟಿ ಕಲ್ಲಾಯಿತು.

ದೊಡ್ಡ ಮಟ್ಟದಲ್ಲಿ ನೋಡಿದರೆ ಸಾಗರದ ತಳ ಬೇಗ ಬದಲಾಗುತ್ತದೆ. ಈಗಿನ ಸಾಗರಗಳ ತಳ ಬಹುಪಾಲು 18 ಕೋಟಿ ವರ್ಷಕ್ಕಿಂತ ಹೊಸದು, ಹಳೆಯದೆಲ್ಲ ಕೆಳಗೆ ಜಾರಿಹೋಗಿದೆ. ಖಂಡಗಳ ಕಲ್ಲು ಹಗುರ, ಅದು ಸುಲಭಕ್ಕೆ ಕೆಳಗಿಳಿಯುವುದಿಲ್ಲ. ಕೆನಡಾದ ಅಕಾಸ್ಟಾ ನೈಸ್‌ಗೆ ಸುಮಾರು 400 ಕೋಟಿ ವರ್ಷ. ಇಂಥ ಕಲ್ಲುಗಳು ಒಂದೆರಡು ಸಲ ಬೆಂದು ಆಮೇಲೆ ಸುಮ್ನೆ ಕೂತುಬಿಟ್ಟಿವೆ. ಚಂದ್ರನಲ್ಲಂತೂ ಹರಿಯುವ ನೀರಿಲ್ಲ, ಗಾಳಿಯಿಲ್ಲ, ಜಾರುವ ಫಲಕಗಳಿಲ್ಲ. 1969ರಿಂದ 1972ರ ನಡುವೆ ಅಪೊಲೊ ಯಾತ್ರಿಗಳು ತಂದ 382 ಕೆಜಿ ಕಲ್ಲುಮಣ್ಣಿನಲ್ಲಿ ನೀರಿನಿಂದ ಕೂತ ಕಣಶಿಲೆ ಒಂದೂ ಇಲ್ಲ. ಇರುವುದೆಲ್ಲ ಅಗ್ನಿಶಿಲೆ, ಇಲ್ಲವೇ ಉಲ್ಕೆ ಬಡಿದು ಪುಡಿಯಾಗಿ ಬೆಸೆದುಕೊಂಡ ಕಲ್ಲು ಮತ್ತು ಆ ಪುಡಿಯೇ.

ಇಷ್ಟು ಓದಿದ ಮೇಲೆ ಮಗಳು ‘ನನ್ನ ಕಲ್ಲಿಗೆ ಎಷ್ಟು ವಯಸ್ಸು?’ ಎಂದು ಕೇಳೇ ಕೇಳುತ್ತಾಳೆ. ಆಗ ಯಾವುದರ ವಯಸ್ಸು ಎಂದು ತಿರುಗಿ ಕೇಳಿ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಜಿರ್ಕಾನ್ ಎಂಬ ಖನಿಜದ ಪುಟ್ಟ ಹರಳುಗಳು ಸಿಕ್ಕಿವೆ. ಅವುಗಳಲ್ಲಿ ಅತಿ ಹಳೆಯದಕ್ಕೆ ಸುಮಾರು 440 ಕೋಟಿ ವರ್ಷ, ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದು ತಿಳಿದದ್ದು. ಆದರೆ ಅವು ಸಿಕ್ಕ ಕಲ್ಲು ನೊರಜುಗಲ್ಲುಗಳು ಸೇರಿ ಆದ ಕಣಶಿಲೆ, ಅದಕ್ಕೆ ಸುಮಾರು 300 ಕೋಟಿ ವರ್ಷ. ಆಮೇಲೆ ಅದು ರೂಪಾಂತರವನ್ನೂ ಕಂಡಿದೆ. ಹರಳು ಹುಟ್ಟಿದ ಮೂಲ ಶಿಲೆ ಈಗ ಎಲ್ಲೂ ಇಲ್ಲ, ಹರಳು ಮಾತ್ರ ಉಳಿದಿದೆ. ಹಾಗಾಗಿ ಅಗ್ನಿಶಿಲೆಯಲ್ಲಿ ವಯಸ್ಸು ಎಂದರೆ ಹರಳಾದ ಕಾಲ, ರೂಪಾಂತರ ಶಿಲೆಯಲ್ಲಿ ಸಾಮಾನ್ಯವಾಗಿ ಬೆಂದ ಕಾಲ. ಕಣಶಿಲೆಯಲ್ಲಿ ಮಾತ್ರ ತೊಡಕು. ಒಳಗಿನ ಮರಳಿನ ಕಣಗಳನ್ನು ಅಳೆದರೆ ಕಲ್ಲು ಅದಕ್ಕಿಂತ ಹಳೆಯದಲ್ಲ ಎಂದಷ್ಟೇ ಗೊತ್ತಾಗುತ್ತದೆ. ನಡುವೆ ಎಲ್ಲಾದರೂ ಜ್ವಾಲಾಮುಖಿ ಬೂದಿಯ ಪದರ ಸಿಕ್ಕರೆ ಅದರ ಜಿರ್ಕಾನ್ ಅಳೆದು ವಯಸ್ಸು ಹೇಳುತ್ತಾರೆ. ಅದೂ ಸಿಗದಿದ್ದರೆ ಪಳೆಯುಳಿಕೆಗಳನ್ನು ನೋಡಿ ಅಂದಾಜು ಮಾಡುತ್ತಾರೆ.